ಕಲ್ಲು ಹೋದ ಮೇಲೆ ಗುಂಡಿಯ ಲೆಕ್ಕ

ರಸ್ತೆ, ಚರಂಡಿ, ಶಾಲಾ ಕೊಠಡಿ, ಓವರ್‌ಹೆಡ್ ಟ್ಯಾಂಕ್, ಇವಕ್ಕೆಲ್ಲ ಎಸ್ಟಿಮೇಟ್ ಹಾಕಿಕೊಡುವುದು ನನ್ನ ಕಸುಬು. ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ಗುತ್ತಿಗೆದಾರರು ಬರುತ್ತಾರೆ, ಪಂಚಾಯಿತಿಯವರು ಬರುತ್ತಾರೆ, ಮನೆ ಕಟ್ಟಲು ಹೊರಟವರು ಬರುತ್ತಾರೆ. ಎಲ್ಲರೂ ಕೇಳುವುದು ಕಟ್ಟಲು ಎಷ್ಟಾಗುತ್ತದೆ ಅಂತ. ಬಂಡೆ ಒಡೆದು ಬಿಟ್ಟುಹೋದ ಜಾಗವನ್ನು ಮತ್ತೆ ನೆಲ ಮಾಡಲು ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬಂದವರು ಒಂದು ಗ್ರಾಮ ಪಂಚಾಯಿತಿಯ ಇಬ್ಬರು ಮಹಿಳಾ ಸದಸ್ಯರು. ಊರ ಗೋಮಾಳದ ಅಂಚಿನಲ್ಲಿ ಜಲ್ಲಿಗಾಗಿ ತೆಗೆದ ಗುಂಡಿ. ಗುತ್ತಿಗೆ ಮುಗಿದು, ಕ್ರಷರ್ ಬಿಚ್ಚಿಕೊಂಡು ಹೋಗಿ ಬಹಳ ಕಾಲವಾಗಿದೆ. ಮಕ್ಕಳು ಈಜಲು ಹೋಗುತ್ತಾರೆ, ಮೇಕೆಗಳು ಬೀಳುತ್ತವೆ. "ಮೇಡಂ, ಮುಚ್ಚಿಸೋಕೆ ಎಷ್ಟಾಗುತ್ತೆ ಅಂತ ಒಂದು ಎಸ್ಟಿಮೇಟ್ ಮಾಡಿಕೊಡಿ, ಗ್ರಾಮಸಭೇಲಿ ಇಡ್ತೀವಿ" ಅಂದರು.

ನಮ್ಮ ಸೀಮೆಯಲ್ಲಿ ಇಂಥ ಗುಂಡಿಗಳಿಗೆ ಬರವಿಲ್ಲ. ಬೆಂಗಳೂರಿನ ಫ್ಲೈಓವರ್‌ಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಬೇಕಾದ ಜಲ್ಲಿ, ಸೈಜುಗಲ್ಲು, ಎಂ-ಸ್ಯಾಂಡ್ ಸುತ್ತಲ ಜಿಲ್ಲೆಗಳ ಬಂಡೆಯಿಂದಲೇ ಹೋಗಿದೆ. ಕಲ್ಲು ಯಾವ ದರಕ್ಕೆ ಹೋಯಿತು, ಸರ್ಕಾರಕ್ಕೆ ರಾಜಧನ ಎಷ್ಟು ಬಂತು ಅನ್ನುವುದಕ್ಕೆ ಲೆಕ್ಕಪತ್ರ ಉಂಟು. ಗುಂಡಿಗೆ ಮಾತ್ರ ಯಾರೂ ಲೆಕ್ಕ ಬರೆದಿಲ್ಲ. ಹಾಗಾಗಿ ಆ ಲೆಕ್ಕ ಹೇಗೆ ಹಾಕುತ್ತಾರೆ, ಅದರಲ್ಲಿ ಯಾವ ಬಾಬು ಎಷ್ಟು ತಿನ್ನುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸಿತು.

ಮೊದಲು ಅಳತೆ. ನಾವು ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಇಟ್ಟುಕೊಂಡು ಅಂಚು ಸುತ್ತಿದೆವು. ನೀರು ನಿಂತ ಮೂಲೆಯಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಆಳ ನೋಡಿದೆವು. ನಿಜವಾದ ಗುಂಡಿ ಚೌಕವಾಗಿರುವುದಿಲ್ಲ, ಒಂದು ಕಡೆ ಉಬ್ಬು, ಒಂದು ಕಡೆ ಕೊರಕಲು. ಓದುವವರಿಗೆ ತಿಳಿಯಲೆಂದು ಅಂಕಿಗಳನ್ನು ದುಂಡು ಮಾಡಿ ಕೊಡುತ್ತೇನೆ. ಬಾಯಿ 100 ಮೀಟರ್ ಉದ್ದ, 80 ಮೀಟರ್ ಅಗಲ, ಆಳ 20 ಮೀಟರ್. ಗುತ್ತಿಗೆ ಗಡಿಯಿಂದ ಒಳಗೆ ನಾಲ್ಕೂ ಕಡೆ 7.5 ಮೀಟರ್ ಜಾಗವನ್ನು ಮುಟ್ಟದೆ ಬಿಡಬೇಕೆಂಬ ನಿಯಮವಿದೆ. ಅದನ್ನು ಸೇರಿಸಿದರೆ ಗುತ್ತಿಗೆ ಜಾಗ 115 ಮೀಟರ್‌ಗೆ 95 ಮೀಟರ್, ಅಂದರೆ 2 ಎಕರೆ 28 ಗುಂಟೆ. ಕಾಗದದಲ್ಲಿ ಆ ಅಂಚು ನಾಲ್ಕೂ ಕಡೆ ಇತ್ತು. ಸ್ಥಳದಲ್ಲಿ, ಬಂಡಿ ಜಾಡಿನ ಕಡೆ ಉಳಿದಿದ್ದದ್ದು ಎರಡು ಮೀಟರ್ ಇದ್ದೀತು.

ನಾವು ಟೇಪು ಹಿಡಿದು ನಿಂತಿದ್ದಾಗ ಮೇಕೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ಕೇಳಿದರು: "ಏನವ್ವಾ, ಮತ್ತೆ ಒಡೀತಾರಾ?"

"ಇಲ್ಲಜ್ಜಿ, ಮುಚ್ಚೋಕೆ ಎಷ್ಟು ಖರ್ಚಾಗುತ್ತೆ ಅಂತ ಅಳೀತಾ ಇದೀವಿ."

"ಇಲ್ಲಿ ಬಂಡೆ ಸುತ್ತ ಕಾರೆ ಗಿಡ, ಎಲಚಿ ಗಿಡ ತುಂಬ ಇದ್ದವು. ಮೇಕೆ ಮೇಯಿಸ್ಕೊಂಡು ಹಣ್ಣೂ ತಿಂತಿದ್ವಿ. ಅವನ್ನೂ ಬರ್ಕೊ."

ಬರೆದುಕೊಂಡೆ. ಮುಂದೆ ಯಾವ ಗಿಡ ನೆಡಬೇಕೆಂಬ ಪಟ್ಟಿ ಮಾಡುವಾಗ ಅಜ್ಜಿಯ ಮಾತೇ ಮೊದಲ ಸಾಲಾಯಿತು.

ಸದಸ್ಯರು ಕೇಳಿದ್ದು 'ಮುಚ್ಚಿಸೋಕೆ'. ಹಾಗಾಗಿ ಮುಚ್ಚುವ ಲೆಕ್ಕವನ್ನೇ ಮೊದಲು ಹಾಕಿದೆ. 100 ಗುಣಿಸು 80 ಗುಣಿಸು 20, ಅಂದರೆ 1,60,000 ಘನ ಮೀಟರ್. ಸಡಿಲ ಮಣ್ಣು ಸುರಿದು ರೋಲರ್ ಓಡಿಸಿದರೆ ಕುಗ್ಗುತ್ತದೆ. ಅದಕ್ಕೆ ಶೇಕಡ 20 ಹೆಚ್ಚು ಹಿಡಿದರೆ 1,92,000 ಘನ ಮೀಟರ್ ತರಬೇಕು. ಹತ್ತು ಚಕ್ರದ ಟಿಪ್ಪರ್ ಒಂದು ಸಲಕ್ಕೆ ಸುಮಾರು 10 ಘನ ಮೀಟರ್ ಹೊರುತ್ತದೆ, ಅಂದರೆ 19,200 ಲೋಡು. ಮಣ್ಣು ಅಗೆದು, ತುಂಬಿ, ಹತ್ತಾರು ಕಿಲೋಮೀಟರ್ ತಂದು ಸುರಿಯಲು ಲೋಡಿಗೆ 3,000 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳಿ. 5 ಕೋಟಿ 76 ಲಕ್ಷ ರೂಪಾಯಿ ಆಗುತ್ತದೆ. ದಿನಕ್ಕೆ 40 ಲೋಡಿನಂತೆ ಒಂದು ದಿನವೂ ಬಿಡದೆ ಸುರಿದರೂ 480 ದಿನ ಬೇಕು.

ಎಸ್ಟಿಮೇಟ್ ಹಾಕುವವರ ಭಾಷೆಯಲ್ಲಿ ಲೀಡ್ ಮತ್ತು ಲಿಫ್ಟ್ ಅನ್ನುತ್ತೇವೆ. ಸಾಮಾನು ಎಷ್ಟು ದೂರ ಹೋಗಬೇಕು ಅನ್ನುವುದು ಲೀಡ್, ಎಷ್ಟು ಮೇಲಕ್ಕೆ ಎತ್ತಬೇಕು ಅನ್ನುವುದು ಲಿಫ್ಟ್. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಮಣ್ಣಿನ ಕೆಲಸಕ್ಕೆ ಹಣ ಬರೆಯುವ ಯಾರನ್ನೇ ಕೇಳಿ, ಅಗೆಯುವ ದರಕ್ಕಿಂತ ಲೀಡ್ ದೊಡ್ಡದಾಗಿರುತ್ತದೆ. ಮಣ್ಣು ಎರಡು ಕಿಲೋಮೀಟರಿನಲ್ಲಿ ಸಿಕ್ಕರೆ ಒಂದು ಮೊತ್ತ, ಇಪ್ಪತ್ತು ಕಿಲೋಮೀಟರಿನಲ್ಲಿ ಸಿಕ್ಕರೆ ಬೇರೆಯದೇ ಮೊತ್ತ.

ಹಣಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. 1,60,000 ಘನ ಮೀಟರ್ ಗಟ್ಟಿ ಮಣ್ಣನ್ನು ಎಲ್ಲಿಂದಲೋ ತೆಗೆಯಬೇಕಲ್ಲ? ಒಂದು ಮೀಟರ್ ಆಳ ತೆಗೆದರೆ 16 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 40 ಎಕರೆಗೆ ಅರ್ಧ ಎಕರೆ ಕಮ್ಮಿ. ಎರಡು ಎಕರೆಯ ಗುಂಡಿ ಮುಚ್ಚಲು ನಲವತ್ತು ಎಕರೆಯ ಮೈ ಕೆರೆಯಬೇಕು. ಅದಕ್ಕೆ ಯಾವ ಊರಿನವರು ಒಪ್ಪುತ್ತಾರೆ? ಕೆರೆ ಹೂಳು ಬಳಸಬಹುದು ಎಂದು ಒಬ್ಬ ಸದಸ್ಯೆ ಹೇಳಿದರು, ಒಳ್ಳೆಯ ಮಾತೇ. ಆದರೆ ಹೂಳು ಸಿಗುವುದು ಕೆರೆ ಒಣಗುವ ಬೇಸಿಗೆಯಲ್ಲಿ ಮಾತ್ರ, ಅದಕ್ಕೆ ಮೊದಲ ಹಕ್ಕುದಾರರು ಹೊಲದವರು. ಗುಂಡಿಗೆ ಅಷ್ಟು ಗೋಡು ಸುರಿಯುವುದು ಅನ್ಯಾಯ ಅನಿಸಿತು.

ಕಲ್ಲು ಕ್ವಾರಿಗೂ ಬೇರೆ ಗಣಿಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಕಲ್ಲಿದ್ದಲು ತೆಗೆಯುವಲ್ಲಿ ಮೇಲಿನ ಮಣ್ಣುಬಂಡೆಯನ್ನು ಪಕ್ಕಕ್ಕೆ ರಾಶಿ ಹಾಕಿರುತ್ತಾರೆ, ಅದನ್ನೇ ವಾಪಸು ತಳ್ಳಬಹುದು. ಜಲ್ಲಿ ಕ್ವಾರಿಯಲ್ಲಿ ತೆಗೆದದ್ದೆಲ್ಲ ಮಾರಾಟವಾಗಿರುತ್ತದೆ. ಗುಂಡಿಯೊಳಗೆ ಇದ್ದದ್ದು ಈಗ ಯಾವುದೋ ಕಟ್ಟಡದ ಕಾಂಕ್ರೀಟಿನಲ್ಲಿದೆ, ವಾಪಸು ಸುರಿಯಲು ಅಲ್ಲಿ ಏನೂ ಉಳಿದಿಲ್ಲ.

ಈ ಲೆಕ್ಕ ಮುಂದಿಟ್ಟಾಗ ಸದಸ್ಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಕೇಳಿದೆ: "ಮುಚ್ಚಲೇಬೇಕಾ? ಆ ಜಾಗ ನಿಮಗೆ ಯಾವುದಕ್ಕೆ ಬೇಕು?" ಇದನ್ನು ಎಲ್ಲಕ್ಕಿಂತ ಮೊದಲೇ ಕೇಳಬೇಕಾದದ್ದು. ರಾಗಿ ಬೆಳೆಯಬೇಕೆಂದರೆ ಒಂದು ಖರ್ಚು, ಮೇಕೆ ಮೇಯಬೇಕೆಂದರೆ ಒಂದು ಖರ್ಚು, ನೀರು ನಿಲ್ಲಬೇಕೆಂದರೆ ಮತ್ತೊಂದು, ಯಾರೂ ಬಿದ್ದು ಸಾಯಬಾರದು ಅಷ್ಟೇ ಸಾಕೆಂದರೆ ಇನ್ನೂ ಬೇರೆ. ಜಾಗದ ಉಪಯೋಗ ಏನೆಂದು ತೀರ್ಮಾನವಾಗದೆ ಹಾಕಿದ ಎಸ್ಟಿಮೇಟ್ ನೂರು ಪುಟವಿದ್ದರೂ ಪ್ರಯೋಜನಕ್ಕೆ ಬಾರದು. ಅವರಿಬ್ಬರೂ ಊರಲ್ಲಿ ಕೇಳಿಕೊಂಡು ಬಂದು ಹೇಳಿದರು: ಮೇಕೆ ಕುರಿ ಇಳಿದು ನೀರು ಕುಡಿದು ಹತ್ತಿ ಬರುವಂತಿರಬೇಕು, ಮಕ್ಕಳಿಗೆ ಅಪಾಯ ಇರಬಾರದು, ಸುತ್ತ ಗಿಡ ಆಗಬೇಕು.

ಆಗ ಸಮಸ್ಯೆ ಗುಂಡಿಯ ಹೊಟ್ಟೆಯಿಂದ ಗೋಡೆಗೆ ಬಂತು.

ಇಪ್ಪತ್ತು ಮೀಟರ್ ಅಂದರೆ ಆರು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅಷ್ಟೂ ಒಂದೇ ನೆಟ್ಟ ಗೋಡೆ. ಮೇಲಿನ ಮೂರು ಮೀಟರ್ ಗರಸು ಮತ್ತು ಕೊಳೆತ ಬಂಡೆ, ಅದರ ಕೆಳಗೆ ಗಟ್ಟಿ ಕಲ್ಲು. ಈ ಗೋಡೆಯನ್ನು ಇಳಿಜಾರು ಮಾಡಿಬಿಡೋಣ ಎಂದರೆ, ಒಂದು ಮೀಟರ್ ಎತ್ತರಕ್ಕೆ ಒಂದು ಮೀಟರ್ ಹಿಂದಕ್ಕೆ ಸರಿಸಿದರೂ ಗುಂಡಿಯ ಬಾಯಿ ಸುತ್ತಲೂ 20 ಮೀಟರ್ ಹಿಗ್ಗುತ್ತದೆ. ಉಳಿದಿರುವ ಅಂಚು ಹೆಚ್ಚೆಂದರೆ ಏಳೂವರೆ ಮೀಟರ್. ಪಕ್ಕದ ರೈತರ ಹೊಲಕ್ಕೆ, ಬಂಡಿ ಜಾಡಿಗೆ ಹೋಗಿ ನಿಲ್ಲುತ್ತದೆ. ಅದಕ್ಕೆ ಸಿಡಿಸಬೇಕಾದ ಬಂಡೆ ಮೂಲೆಗಳನ್ನು ಬಿಟ್ಟೇ 72,000 ಘನ ಮೀಟರ್. ಮತ್ತೊಂದು ಕ್ವಾರಿಯನ್ನೇ ನಡೆಸಿದಂತೆ.

1961ರ ಲೋಹೀಯ ಗಣಿಗಳ ನಿಯಮಾವಳಿಯನ್ನು ಪಾಲಿಸಿದ್ದರೆ ಈ ಗೋಡೆ ಹುಟ್ಟುತ್ತಲೇ ಇರಲಿಲ್ಲ. ಗಟ್ಟಿ ನೆಲದಲ್ಲಿ ಅಗೆಯುವಾಗ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಬೇಕು, ವಿಶೇಷ ಅನುಮತಿ ಇಲ್ಲದೆ ಒಂದೊಂದು ಮೆಟ್ಟಿಲ ಎತ್ತರ 6 ಮೀಟರ್ ಮೀರಬಾರದು ಎನ್ನುತ್ತದೆ ಆ ನಿಯಮ. ಕ್ವಾರಿಯವರು ಇದಕ್ಕೆ ಬೆಂಚ್ ಅನ್ನುತ್ತಾರೆ. ಬೆಂಚ್ ಬಿಟ್ಟಿದ್ದರೆ ಕೆಲಸಗಾರರೂ ಸುರಕ್ಷಿತ, ಆಮೇಲೆ ಗಿಡ ನೆಡಲು ಜಾಗವೂ ಸಿದ್ಧ. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿಯಲ್ಲಿ 2022ರ ಮಾರ್ಚಿನಲ್ಲಿ ಬಂಡೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡ ಮೇಲೆ, ನೆಟ್ಟ ಗೋಡೆಯ ಅಪಾಯವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬೆಂಚ್ ಯಾಕೆ ಮಾಯವಾಗುತ್ತದೆ? ಅದನ್ನೂ ಲೆಕ್ಕ ಹಾಕಿ ನೋಡಿದೆ. ಇದೇ 100ಕ್ಕೆ 80ರ ಗುಂಡಿಯಲ್ಲಿ ಐದು ಐದು ಮೀಟರ್ ಎತ್ತರ, ಐದು ಮೀಟರ್ ಅಗಲದ ಬೆಂಚ್ ಬಿಡುತ್ತ ಇಳಿದರೆ, ಎರಡನೆಯ ಹಂತಕ್ಕೆ ಜಾಗ 90ಕ್ಕೆ 70, ಮೂರನೆಯದಕ್ಕೆ 80ಕ್ಕೆ 60, ನಾಲ್ಕನೆಯದಕ್ಕೆ 70ಕ್ಕೆ 50. ಒಟ್ಟು ಸಿಗುವ ಬಂಡೆ 1,13,000 ಘನ ಮೀಟರ್. ನೆಟ್ಟಗೆ ಇಳಿದವರಿಗೆ 1,60,000. ನಡುವಿನ 47,000 ಘನ ಮೀಟರ್ ಎಂದರೆ, ಘನ ಮೀಟರಿಗೆ 2.6 ಟನ್ನಿನಂತೆ, 1,22,000 ಟನ್ನಿಗೂ ಮೇಲೆ ಕಲ್ಲು. ಬೆಂಚ್ ಬಿಡುವವರು ಅಷ್ಟು ಕಲ್ಲನ್ನು ಗೋಡೆಯಲ್ಲೇ ಬಿಟ್ಟು ಹೋಗಬೇಕು. ಬಿಡದವರು ಅದನ್ನೂ ಮಾರಿಕೊಂಡರು, ಮತ್ತು ಗೋಡೆಯನ್ನು ಸರಿಪಡಿಸುವ ಖರ್ಚನ್ನು ಊರಿನ ಹೆಸರಿಗೆ ಬರೆದು ಹೋದರು. ಈ ಟನ್ನುಗಳನ್ನು ಕೂಡಿಸಿ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಜಾಗ ಸರಿಪಡಿಸುವ ಖರ್ಚೆಂದರೆ ಕ್ವಾರಿ ಮುಗಿದ ಮೇಲೆ ಹುಟ್ಟುವ ಖರ್ಚು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದರ ದೊಡ್ಡ ಪಾಲು ನಿರ್ಧಾರವಾಗುವುದು ಮೊದಲ ಹಂತ ಇಳಿಯುವ ದಿನ, ಒಳಗೆ ಐದು ಮೀಟರ್ ಸರಿದು ಅಗೆಯುತ್ತಾರೋ ಇಲ್ಲವೋ ಎಂಬುದರಲ್ಲಿ.

ಮೇಲ್ಮಣ್ಣಿನ ಕಥೆಯೂ ಅಂಥದೇ. 100ಕ್ಕೆ 80 ಮೀಟರ್ ಜಾಗದ ಮೇಲೆ ಒಂದು ಅಡಿ ಮಣ್ಣಿದ್ದರೂ 2,400 ಘನ ಮೀಟರ್, 240 ಲೋಡು. ಕ್ವಾರಿ ಶುರುವಾಗುವಾಗ ಅದನ್ನು ಕೆರೆದು ಇಟ್ಟಿಗೆ ಗೂಡಿಗೋ ಲೇಔಟಿಗೋ ಕಳಿಸಿಬಿಡುತ್ತಾರೆ. ಅದನ್ನು ಸುತ್ತಲಿನ ಏಳೂವರೆ ಮೀಟರ್ ಅಂಚಿನ ಮೇಲೆ ಒಂದು ಮೀಟರ್ ಎತ್ತರದ ದಿಬ್ಬವಾಗಿ ಹಾಕಿದ್ದರೆ ಸರಿಯಾಗಿ ಹಿಡಿಯುತ್ತಿತ್ತು. ಆ ಅಂಚಿನ ವಿಸ್ತೀರ್ಣ 2,925 ಚದರ ಮೀಟರ್, ಇಳಿಜಾರು ಬಿಟ್ಟರೂ ಸಾಕಾಗುತ್ತದೆ. ಜೆಸಿಬಿಯಲ್ಲಿ ಪಕ್ಕಕ್ಕೆ ಸರಿಸುವ ಖರ್ಚಷ್ಟೇ. ದಿಬ್ಬ ತುಂಬ ಎತ್ತರ ಇರಬಾರದು, ಒಳಗೆ ಗಾಳಿಯಾಡದೆ ಮಣ್ಣಿನ ಜೀವ ಸಾಯುತ್ತದೆ. ಮೇಲೆ ಹುರುಳಿಯನ್ನೋ ಸೆಣಬನ್ನೋ ಚೆಲ್ಲಿದರೆ ಮಳೆಗೆ ಕೊಚ್ಚಿಹೋಗದೆ ಫಲವತ್ತಾಗಿಯೂ ಉಳಿಯುತ್ತದೆ. ಆ ಮಣ್ಣಿನಲ್ಲಿ ಅಜ್ಜಿ ಹೇಳಿದ ಕಾರೆಯ, ಎಲಚಿಯ ಬೀಜಗಳೂ ಇರುತ್ತಿದ್ದವು. ಈಗ ನಾನು ಅದೇ ಮಣ್ಣನ್ನು ಲೋಡಿಗೆ 3,000 ರೂಪಾಯಿ ಕೊಟ್ಟು ಬೇರೆ ಕಡೆಯಿಂದ ತರಿಸಲು ಬರೆಯಬೇಕಾಯಿತು.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪಿಂಗಾಣಿ ಮಣ್ಣು ತೆಗೆದ ದೊಡ್ಡ ಗುಂಡಿಯೊಂದರಲ್ಲಿ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ಮಾಡಿದ್ದಾರೆ, 2001ರಲ್ಲಿ ಜನರಿಗೆ ತೆರೆಯಿತು. ಅಲ್ಲಿಯೂ ಗಿಡಕ್ಕೆ ಬೇಕಾದ ಮಣ್ಣು ಇರಲಿಲ್ಲ. ಗಣಿಯ ತ್ಯಾಜ್ಯ ಮರಳಿಗೆ ಗೊಬ್ಬರ ಬೆರೆಸಿ 80 ಸಾವಿರ ಟನ್ನಿಗೂ ಹೆಚ್ಚು ಮಣ್ಣನ್ನು ತಯಾರಿಸಿಕೊಳ್ಳಬೇಕಾಯಿತು. ಅಷ್ಟು ಹಣ ನಮ್ಮ ಯಾವ ಪಂಚಾಯಿತಿಯಲ್ಲಿದೆ?

ನೀರಿನ ವಿಷಯ. "ಕೆರೆ ಥರ ಮಾಡಿಬಿಡಿ" ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ನಮ್ಮ ಕಡೆ ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಗುಂಡಿಯ ಬಾಯಿಗೆ ನೇರವಾಗಿ ಬೀಳುವುದು 5,600 ಘನ ಮೀಟರ್, ತಳದಲ್ಲಿ ಮುಕ್ಕಾಲು ಮೀಟರಿಗೂ ಬಾರದು. ತೆರೆದ ನೀರಿನಿಂದ ವರ್ಷವಿಡೀ ಆವಿಯಾಗುವುದು ಬೀಳುವ ಮಳೆಗಿಂತ ಬಹಳ ಹೆಚ್ಚು. ಕೆರೆಗೆ ಅಚ್ಚುಕಟ್ಟು ಇರುವಂತೆ ಮೇಲೆ ಜಲಾನಯನವೂ ಇರುತ್ತದೆ, ಎತ್ತರದ ಬಂಡೆ ಒಡೆದ ಗುಂಡಿಗೆ ಅದು ಇರುವುದಿಲ್ಲ. ಸುತ್ತಲಿನ ನೀರನ್ನು ಕಾಲುವೆ ಮಾಡಿ ತಿರುಗಿಸಿದರೆ ತಳದ ಅರ್ಧ ಭಾಗದಲ್ಲಿ ನೀರು ನಿಲ್ಲಿಸಬಹುದು ಎಂದು ಲೆಕ್ಕ ಬಂತು, ಮೇಕೆಗಳಿಗೆ ಅದು ಸಾಕು.

ಕೊನೆಗೆ ಕಸ. ಖಾಲಿ ಗುಂಡಿ ಕಂಡರೆ ನಗರಗಳಿಗೆ ಮೊದಲು ಹೊಳೆಯುವುದು ಇದೇ. ಬೆಂಗಳೂರಿನ ಕಸ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕ್ವಾರಿಗಳಿಗೆ ಹೋದದ್ದು ಎಲ್ಲರಿಗೂ ಗೊತ್ತು. ಎಸ್ಟಿಮೇಟಿನಲ್ಲಿ ಅದು ಬಹಳ ಅಗ್ಗವಾಗಿ ಕಾಣುತ್ತದೆ, ತುಂಬುವ ಸಾಮಾನು ಪುಕ್ಕಟೆ. ಆದರೆ ಡೈನಮೈಟ್ ತಿಂದ ಬಂಡೆಯ ತುಂಬ ಸೀಳು. ಕಸದ ಕೊಳಚೆ ನೀರು ಆ ಸೀಳುಗಳಲ್ಲಿ ಇಳಿದು ಅಕ್ಕಪಕ್ಕದ ಬೋರ್‌ವೆಲ್‌ಗಳಿಗೆ ಸೇರಿದರೆ, ಅದನ್ನು ತೊಳೆಯುವ ದರ ಯಾವ ದರಪಟ್ಟಿಯಲ್ಲೂ ಇಲ್ಲ. ಈ ಬಾಬನ್ನು ನಾನು ಬರೆಯಲೇ ಇಲ್ಲ. ಸದಸ್ಯರೂ ಅದನ್ನು ಕೇಳಲಿಲ್ಲ.

ಕೊನೆಗೆ ಬರೆದ ಪಟ್ಟಿ ಹೀಗೆ. ಸುತ್ತಲೂ 420 ಮೀಟರ್ ಚೈನ್‌ಲಿಂಕ್ ಬೇಲಿ, ಮೀಟರಿಗೆ 1,500ರಂತೆ 6.3 ಲಕ್ಷ. ಗೋಡೆಯ ಮೇಲಿನ ಮೂರು ಮೀಟರ್ ಗರಸನ್ನು ಒಂದಕ್ಕೆ ಒಂದೂವರೆಯ ಇಳಿಜಾರಿಗೆ ತರುವುದು, ನಾಲ್ಕೂ ಕಡೆ ಹಿಡಿದರೆ 2,430 ಘನ ಮೀಟರ್, ಘನ ಮೀಟರಿಗೆ 100ರಂತೆ 2.43 ಲಕ್ಷ. ಇದು ನಾಲ್ಕೂವರೆ ಮೀಟರ್ ಜಾಗ ತಿನ್ನುತ್ತದೆ, ಏಳೂವರೆ ಉಳಿದಿರುವ ಕಡೆಯೆಲ್ಲ ಹಿಡಿಯುತ್ತದೆ. ಬಂಡಿ ಜಾಡಿನ ಕಡೆ ಎರಡೇ ಮೀಟರ್ ಇರುವುದರಿಂದ ಅಲ್ಲಿ ಇಳಿಜಾರಿನ ಬದಲು ಅಡ್ಡಗೋಡೆ ಬೇಕು. ಅದರ ಜೊತೆಗೆ ಗೋಡೆಯಲ್ಲಿ ನೇತಾಡುವ ಸಡಿಲ ಕಲ್ಲುಗಳನ್ನು ಹಿಟಾಚಿಗೆ ಬ್ರೇಕರ್ ಕಟ್ಟಿ ಉದುರಿಸುವುದಕ್ಕೆ ಸೇರಿಸಿ 4 ಲಕ್ಷ. ನೀರು ಗೋಡೆ ಮೇಲಿಂದ ಧುಮುಕದಂತೆ ಸುತ್ತು ಕಾಲುವೆ 2.1 ಲಕ್ಷ. ಇಳಿಜಾರಿಗೂ ತಳದ ಒಣ ಅರ್ಧಕ್ಕೂ ಒಂದಡಿ ಮಣ್ಣು, 180 ಲೋಡು, 5.4 ಲಕ್ಷ. ಹೊಂಗೆ, ಬೇವು, ಸೀತಾಫಲ, ಕಾರೆ, ಎಲಚಿ, ಬಂಡೆ ಸೀಳಿಗೆ ಅತ್ತಿ, ಒಟ್ಟು 800 ಗಿಡ, ಮೂರು ಬೇಸಿಗೆ ಟ್ಯಾಂಕರ್ ನೀರೂ ಕಾವಲೂ ಸೇರಿ 3.2 ಲಕ್ಷ. ಟಿಪ್ಪರ್‌ಗಳು ಓಡಾಡುತ್ತಿದ್ದ ಇಳಿದಾರಿಯನ್ನು ಹಾಗೇ ಉಳಿಸಿದೆ. ಬಿದ್ದವರು, ಇಳಿದವರು ಹತ್ತಿ ಬರಲು ಅದೇ ದಾರಿ. ಎಲ್ಲ ಸೇರಿ 23.43 ಲಕ್ಷ. ಜಿಎಸ್‌ಟಿ, ಮೇಲ್ವಿಚಾರಣೆ, ಅನಿರೀಕ್ಷಿತ ಖರ್ಚಿಗೆಂದು ಒಟ್ಟಾಗಿ ಶೇಕಡ 25 ಹಿಡಿದರೆ 29 ಲಕ್ಷದ ಮೇಲೆ ಸ್ವಲ್ಪ.

ದರಗಳು ತಾಲ್ಲೂಕಿಂದ ತಾಲ್ಲೂಕಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನನ್ನ ಅಂಕಿಗಳನ್ನು ಎತ್ತಿ ಬೇರೆ ಗುಂಡಿಗೆ ಅಂಟಿಸಬೇಡಿ, ಬಾಬುಗಳನ್ನು ಮಾತ್ರ ಇಟ್ಟುಕೊಳ್ಳಿ. ಗಿಡದ ಬಾಬಿನಲ್ಲಿ ಮೂರು ಬೇಸಿಗೆಯ ನೀರನ್ನು ಯಾವ ಕಾರಣಕ್ಕೂ ಹೊಡೆದುಹಾಕಲು ಬಿಡಬೇಡಿ. ಎಸ್ಟಿಮೇಟ್ ಇಳಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದೇ ಅದಕ್ಕೆ, ಒಂದು ವರ್ಷದಲ್ಲಿ ಕಡ್ಡಿಗಳು ಮಾತ್ರ ನಿಂತಿರುತ್ತವೆ.

ಇನ್ನೊಂದು ಕಡೆ ಎಚ್ಚರವಾಗಿರಬೇಕು. ಕ್ವಾರಿ ನಡೆಸುವವರು ತಾವೇ ಕೊಡುವ ಅಂದಾಜಿನಲ್ಲಿ ದರ ಕಡಿಮೆ ಇರುತ್ತದೆ, ಏಕೆಂದರೆ ಹಿಟಾಚಿ ಅವರದೇ, ಟಿಪ್ಪರ್ ಅವರದೇ, ಡ್ರೈವರ್ ಅಲ್ಲೇ ಇದ್ದಾನೆ. ಅವರು ಬಿಟ್ಟುಹೋದ ದಿನ ಆ ಯಂತ್ರಗಳೂ ಹೋಗುತ್ತವೆ. ಆಗ ಟೆಂಡರ್ ಕರೆದು ಹೊರಗಿನ ಗುತ್ತಿಗೆದಾರನನ್ನು ತರಬೇಕು, ಅವನ ಲಾಭವೂ ಸೇರಬೇಕು, ಯಂತ್ರ ಸಾಗಿಸುವ ಬಾಡಿಗೆಯೂ ಸೇರಬೇಕು. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ 1977ರಲ್ಲಿ ಮಾಡಿದ ಕಾಯ್ದೆ ಇದನ್ನು ನೇರವಾಗಿ ಹೇಳುತ್ತದೆ: ಗಣಿಯವನು ಕೈಕೊಟ್ಟು ಸರ್ಕಾರವೇ ಕೆಲಸ ಮಾಡಿಸಬೇಕಾಗಿ ಬಂದರೂ ಸಾಲುವಷ್ಟು ಹಣ ಮುಂಚಿತವಾಗಿ ಠೇವಣಿ ಇರಬೇಕು. ಬೆಲೆಯೇರಿಕೆಯೂ ಉಂಟು. ವರ್ಷಕ್ಕೆ ಶೇಕಡ 6ರಂತೆ ಏರಿದರೆ ಇಂದು 1 ಲಕ್ಷದ ಕೆಲಸ ಇಪ್ಪತ್ತು ವರ್ಷಕ್ಕೆ 3 ಲಕ್ಷ 20 ಸಾವಿರ. ಗುತ್ತಿಗೆ ಕೊಟ್ಟ ದಿನದ ದರ ಹಿಡಿದು ಇಟ್ಟ ಠೇವಣಿ, ಗುತ್ತಿಗೆ ಮುಗಿಯುವ ದಿನ ಮೂರರಲ್ಲಿ ಒಂದು ಪಾಲು ಕೆಲಸವನ್ನೂ ಮಾಡಿಸದು.

ನಮ್ಮಲ್ಲಿ ಠೇವಣಿ ಇಲ್ಲವೇ ಎಂದರೆ, ಇದೆ. ಕಬ್ಬಿಣದ ಅದಿರಿನಂಥ ದೊಡ್ಡ ಖನಿಜಗಳಿಗೆ ಕೇಂದ್ರದ ನಿಯಮ ಅನ್ವಯಿಸುತ್ತದೆ. ಗಣಿ ಮುಚ್ಚುವ ಯೋಜನೆ ಮೊದಲೇ ಕೊಡಬೇಕು, ಜೊತೆಗೆ ಆರ್ಥಿಕ ಭರವಸೆಯ ಹಣ ಇಡಬೇಕು. ದೊಡ್ಡ ಗಣಿಗಳ ವರ್ಗಕ್ಕೆ ಮೊದಲು ಹೆಕ್ಟೇರಿಗೆ 25,000 ರೂಪಾಯಿ ಇದ್ದದ್ದು 2017ರ ನಿಯಮದಲ್ಲಿ 3 ಲಕ್ಷವಾಯಿತು, 2021ರ ತಿದ್ದುಪಡಿಯಲ್ಲಿ 5 ಲಕ್ಷವಾಯಿತು. ಕಟ್ಟಡದ ಕಲ್ಲು, ಜಲ್ಲಿ, ಮರಳು ಸಣ್ಣ ಖನಿಜಗಳು, ಅವು ರಾಜ್ಯದ 1994ರ ಉಪಖನಿಜ ನಿಯಮಾವಳಿಗೆ ಬರುತ್ತವೆ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಗಣಿ ಮುಗಿದ ಮೇಲೆ ಆ ಜಾಗದಲ್ಲಿ ಮತ್ತೆ ಹುಲ್ಲು, ಗಿಡ ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲೇ ಹಾಕಿ ಎಂದು 2020ರ ಜನವರಿಯಲ್ಲಿ ಹೇಳಿತು. ಪ್ರಾಣಿಗಳಿಗೆ ಮೇವು ಸಿಗಬೇಕೆಂಬುದು ಅದರ ಉದ್ದೇಶ. ನಮ್ಮ ಅಜ್ಜಿ ಕೇಳಿದ್ದೂ ಅದನ್ನೇ.

ನನ್ನ ತಕರಾರು ಈ ಹೆಕ್ಟೇರ್ ಲೆಕ್ಕದ ಮೇಲೆ. ಐದು ಮೀಟರ್ ಆಳದ ಗುಂಡಿಗೂ ಐವತ್ತು ಮೀಟರ್ ಆಳದ ಗುಂಡಿಗೂ ವಿಸ್ತೀರ್ಣ ಒಂದೇ ಆದರೆ ಠೇವಣಿಯೂ ಒಂದೇ. ನಾನು ಬರೆದ ಕನಿಷ್ಠ ಕೆಲಸದ 29 ಲಕ್ಷವನ್ನು ಹೆಕ್ಟೇರಿಗೆ ಹಚ್ಚಿದರೆ 27 ಲಕ್ಷದ ಹತ್ತಿರ ಬರುತ್ತದೆ, ಆ ದೊಡ್ಡ ಗಣಿಗಳ 5 ಲಕ್ಷದ ಐದು ಪಟ್ಟಿಗೂ ಹೆಚ್ಚು. ಪೂರ್ತಿ ಮುಚ್ಚುವ ಲೆಕ್ಕವನ್ನಂತೂ ಅದರ ಪಕ್ಕ ಇಡುವ ಹಾಗೇ ಇಲ್ಲ. ಗುಂಡಿಯ ಖರ್ಚನ್ನು ನಿರ್ಧರಿಸುವುದು ಆಳ, ಗೋಡೆಯ ಇಳಿಜಾರು, ಮಣ್ಣಿನ ದೂರ. ಈ ಮೂರೂ ಹೆಕ್ಟೇರಿನಲ್ಲಿ ಕಾಣುವುದಿಲ್ಲ. ಠೇವಣಿಯನ್ನು ಘನ ಮೀಟರಿನ ಮೇಲೆ ಹಾಕಬೇಕು, ಆಳ ಹೆಚ್ಚಿದಂತೆ ಹೆಚ್ಚಬೇಕು, ಪ್ರತಿ ಹಂತ ಇಳಿಯುವ ಮುನ್ನ ಬೆಂಚ್ ಇದೆಯೇ ಎಂದು ಅಳೆದು ಮುಂದಿನದಕ್ಕೆ ಬಿಡಬೇಕು. ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ದಾಖಲಾಗದೆ ರಸ್ತೆ ಕೆಲಸಕ್ಕೆ ಬಿಲ್ ಆಗುವುದಿಲ್ಲ. ಅದೇ ಶಿಸ್ತು ಕ್ವಾರಿಗೂ ಸಾಧ್ಯ.

ತಡವಾದರೆ ಏನಾಗುತ್ತದೆ ಎಂದು ತಿಳಿಯಲು ಬಳ್ಳಾರಿ ಕಡೆ ನೋಡಬೇಕು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು, ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕೆಂದು ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನಾ ಮಂಡಳಿಗೆ ವಹಿಸಿತು. ಗಡಿ ಮೀರಿ ಅಗೆದ ಬಿ ವರ್ಗದವರು ಅಕ್ರಮ ಗುಂಡಿಯ ಹೆಕ್ಟೇರಿಗೆ 5 ಕೋಟಿ, ಅಕ್ರಮವಾಗಿ ಮಣ್ಣು ಸುರಿದ ಜಾಗದ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗದ ಗಣಿಬಾಧಿತ ಪ್ರದೇಶಕ್ಕೆಂದು ಮಾಡಿದ ಯೋಜನೆಯ ಮೊತ್ತ ಸುಮಾರು 25 ಸಾವಿರ ಕೋಟಿ ರೂಪಾಯಿ, ಅದಕ್ಕಾಗಿ ಪ್ರತ್ಯೇಕ ನಿಗಮವೇ ಇದೆ. ಅಲ್ಲಿ ಹಣ ಬಂದದ್ದು ನ್ಯಾಯಾಲಯ ಹಿಡಿದು ನಿಲ್ಲಿಸಿದ್ದರಿಂದ. ನಮ್ಮ ಜಲ್ಲಿ ಕ್ವಾರಿಗಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗುವವರು ಯಾರು?

ಹತ್ತಿರದ ದಾರಿ ಒಂದಿದೆ. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ, ಗುತ್ತಿಗೆದಾರರು ಕಟ್ಟುವ ಹಣ ಅಲ್ಲಿಗೆ ಸೇರುತ್ತದೆ. ಆ ಹಣದ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಪರಿಸರ ಸಂರಕ್ಷಣೆಯೂ ಸೇರಿದೆ. ಅಳತೆ, ನಕ್ಷೆ, ಬಾಬುವಾರು ದರ ಇರುವ ಎಸ್ಟಿಮೇಟ್ ಹಿಡಿದು ಹೋದರೆ ಮಾತು ಮುಂದುವರಿಯುತ್ತದೆ. 'ಗುಂಡಿ ಮುಚ್ಚಿಸಿಕೊಡಿ' ಎಂಬ ಅರ್ಜಿ ಮಾತ್ರ ಹಿಡಿದು ಹೋದರೆ ಮೇಜಿನಿಂದ ಮೇಜಿಗೆ ಸುತ್ತುತ್ತದೆ.

ಗ್ರಾಮಸಭೆಯಲ್ಲಿ ನಮ್ಮ ಎಸ್ಟಿಮೇಟ್ ಓದಿದರು. ಬೇಲಿ, ಇಳಿಜಾರು ಮತ್ತು ಸಡಿಲ ಕಲ್ಲು ಉದುರಿಸುವ ಕೆಲಸವನ್ನು ಮೊದಲ ಹಂತ ಮಾಡಿ, ಮಣ್ಣು ಗಿಡಗಳನ್ನು ಮುಂದಿನ ಮಳೆಗಾಲಕ್ಕೆ ಇಟ್ಟು, ಪ್ರತಿಷ್ಠಾನದ ಹಣಕ್ಕೆ ಠರಾವು ಮಾಡಿ ಕಳಿಸಿದ್ದಾರೆ. ಅದೇ ಸಭೆಯಲ್ಲಿ ಗುಡ್ಡದ ಆಚೆ ಬದಿಯ ಸರ್ವೆ ನಂಬರಿಗೆ ಹೊಸ ಕ್ವಾರಿ ಅರ್ಜಿ ಬಂದಿರುವ ಮಾತು ಎದ್ದಿತು. ಸದಸ್ಯೆಯರು ಮಾಹಿತಿ ಹಕ್ಕಿನಲ್ಲಿ ಅದರ ಕ್ವಾರಿ ಪ್ಲಾನ್ ತರಿಸಿಕೊಂಡು ನನ್ನ ಆಫೀಸಿಗೆ ಬಂದರು. ನಕ್ಷೆಯಲ್ಲಿ ಬೆಂಚುಗಳನ್ನು ಅಂದವಾಗಿ ಬರೆದಿದ್ದರು. ತೆಗೆದ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಜಾಗ ಗುರುತಿಸಿರಲಿಲ್ಲ, ಮುಚ್ಚುವ ಖರ್ಚಿಗೆ ಒಂದೇ ಸಾಲಿನಲ್ಲಿ ಇಡೀ ಮೊತ್ತ ಬರೆದಿದ್ದರು, ಹೊರಗಿನವರ ದರವೋ ತಮ್ಮದೋ ಎಂದು ಹೇಳಿರಲಿಲ್ಲ. ಆ ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಕೇಳಬೇಕಾದ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದುಕೊಟ್ಟಿದ್ದೇನೆ. ಗಣಿ ಇಲಾಖೆಗೆ ಕೊಡುವ ಆಕ್ಷೇಪಣೆಯಲ್ಲಿ ಆ ಪ್ರಶ್ನೆಗಳನ್ನು ಸೇರಿಸುತ್ತೇವೆ ಎಂದು ಅವರು ಹೇಳಿಹೋಗಿದ್ದಾರೆ.